ಬೇಸ್ ವಾದಕರ ಸಂಯಮ

ಬಸ್ ನಿಲ್ದಾಣದ ಕಳೆದ ಸಾಮಾನಿನ ಕೌಂಟರಿನಲ್ಲಿ ಕೂರುವ ಮನುಷ್ಯನನ್ನು ಊರೆಲ್ಲ ಪಂಡಿತರು ಎಂದು ಕರೆಯುತ್ತಿತ್ತು. ಸಾಮಾನಿನ ವಿಷಯದಲ್ಲಿ ಅಲ್ಲ. ಅದರಲ್ಲಿ ಅವರು ನಮ್ಮ ನಿಮ್ಮಂಥವರೇ. ಕಪ್ಪು ಛತ್ರಿ ಕಳೆದುಕೊಂಡು ಬಂದವರಿಗೆ ಯಾವುದಾದರೊಂದು ಕಪ್ಪು ಛತ್ರಿ ಕೊಟ್ಟು, ಸಹಿ ಹಾಕಿಸಿಕೊಂಡು, ನಗುನಗುತ್ತ ಕಳಿಸುತ್ತಿದ್ದರು. ಅವರ ಪಾಂಡಿತ್ಯವಿದ್ದದ್ದು ರಾಕ್ ಸಂಗೀತದಲ್ಲಿ. ಅದರಲ್ಲೂ ಇದೇ ಊರಿನಲ್ಲಿ ಹುಟ್ಟಿ, ನಾಲ್ಕು ಆಲ್ಬಮ್ ಮಾಡಿ, ಇದೇ ಊರಿನಲ್ಲಿ ಜಗಳವಾಡಿಕೊಂಡು ಒಡೆದುಹೋದ 'ನಾಲ್ಕು ಚಕ್ರ' ಎಂಬ ಬ್ಯಾಂಡಿನ ವಿಷಯದಲ್ಲಿ.

ಪಂಡಿತರು ವರ್ಗವಾಗಿ ಈ ಊರಿಗೆ ಬಂದು ಹದಿನೆಂಟು ವರ್ಷ. ಅವರು ಬರುವಷ್ಟರಲ್ಲಿ ಬ್ಯಾಂಡು ಒಡೆದು ಏಳು ವರ್ಷವಾಗಿತ್ತು. ಹಾಡುತ್ತಿದ್ದವರು ಡ್ರೈವಿಂಗ್ ಸ್ಕೂಲು ತೆರೆದಿದ್ದರು. ಗಿಟಾರಿನವರು ಹಲ್ಲಿನ ಡಾಕ್ಟರಾಗಿದ್ದರು. ಡ್ರಮ್ ಬಾರಿಸುತ್ತಿದ್ದವರು ಟೈರಿನ ಅಂಗಡಿ ಇಟ್ಟಿದ್ದರು. ಬೇಸ್ ಗಿಟಾರಿನವರು, ಅಂದರೆ ನಾಲ್ಕು ದಪ್ಪ ತಂತಿಗಳ ಮೇಲೆ ತಗ್ಗಿದ ದನಿಯಲ್ಲಿ ನುಡಿಸಿ ಹಾಡನ್ನೆಲ್ಲ ಕೆಳಗಿನಿಂದ ಹೊರಬೇಕಾದವರು, ನಿಲ್ದಾಣದ ಎದುರಿಗೇ ಬೀಗ ರಿಪೇರಿ ಮಾಡಿಕೊಂಡಿದ್ದರು. ಪಂಡಿತರು ಬಂದ ವಾರವೇ ನಾಲ್ಕೂ ಆಲ್ಬಮ್ಮಿನ ಕ್ಯಾಸೆಟ್ ಕೊಂಡರು. ಅಂದಿನಿಂದ ದಿನಾ ಸಂಜೆ ಆರರಿಂದ ಏಳರವರೆಗೆ ಮುಂದಿನ ಕೋಣೆಯಲ್ಲಿ ಕಣ್ಣುಮುಚ್ಚಿ ಕೂತು ಕೇಳುವುದು ಅವರ ವ್ರತ. ಆ ಹೊತ್ತಿಗೆ ಹೆಂಡತಿ ಹಿತ್ತಲಿನ ಆಚೆ ತುದಿಯ ಒಲೆಕೋಣೆಯಲ್ಲಿ ಮರುದಿನದ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದರು. ನಿಲ್ದಾಣದ ಕ್ಯಾಂಟೀನಿಗೆ ಬ್ರೆಡ್ಡು ಕೊಡುವುದು ಅವರ ಕೆಲಸ. ಊರು ಅವರನ್ನು ಬ್ರೆಡ್ಡಕ್ಕ ಎನ್ನುತ್ತಿತ್ತು. ಒಬ್ಬರೇ ಕೆಲಸ ಮಾಡುವಾಗ ಬೇಸರವಾಗಬಾರದೆಂದು, ಎಲೆಕ್ಟ್ರಿಷಿಯನ್ ತಮ್ಮನು ಟೇಪ್ ರೆಕಾರ್ಡರಿನ ಎರಡು ಸ್ಪೀಕರ್ ಪೆಟ್ಟಿಗೆಗಳಲ್ಲಿ ಒಂದನ್ನು ಭಾವನ ಕುರ್ಚಿಯ ಪಕ್ಕದಲ್ಲಿಟ್ಟು, ಇನ್ನೊಂದನ್ನು ಉದ್ದ ವೈರು ಎಳೆದು ಅಕ್ಕನ ಒಲೆಕೋಣೆಗೆ ಹಾಕಿಕೊಟ್ಟಿದ್ದ. ಮನೆಯಲ್ಲಿ ಶಾಂತಿ ನೆಲೆಸಿತ್ತು.

ಪೂರ್ತಿ ಶಾಂತಿ ಎನ್ನುವಂತಿಲ್ಲ. ಹಾಡಿನ ವಿಷಯ ಬಂದರೆ ಗಂಡಹೆಂಡಿರಿಗೆ ಎಣ್ಣೆ ಸೀಗೇಕಾಯಿ ಸಂಬಂಧ. ಪಂಡಿತರು ಊಟಕ್ಕೆ ಕೂತಾಗ, "ಆ ಎರಡನೇ ಹಾಡಲ್ಲಿ ಗಿಟಾರ್ ಅಳುತ್ತಲ್ಲ, ಆಹಾ!" ಎಂದರೆ ಬ್ರೆಡ್ಡಕ್ಕ, "ಯಾವ ಗಿಟಾರು?" ಎನ್ನುತ್ತಿದ್ದರು. ಆಕೆ ಪಾತ್ರೆ ತೊಳೆಯುತ್ತ ಅದೇ ಹಾಡನ್ನು ಗುನುಗಿದರೆ ಬರೀ "ದುಂ ದುಂ ದುದುಂ" ಎಂದು ಕೇಳಿಸುತ್ತಿತ್ತು. ಪಾಪ, ಸ್ವರಜ್ಞಾನವಿಲ್ಲ, ಆದರೆ ಒಳ್ಳೆಯ ಹೆಂಗಸು ಎಂದು ಪಂಡಿತರು ಹದಿನೆಂಟು ವರ್ಷ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದರು.

ಹೀಗಿರಲು ಒಂದು ದಿನ ಸಭಾಭವನದ ಕಾರ್ಯದರ್ಶಿ ಕೌಂಟರಿಗೆ ಬಂದರು.

"ಪಂಡಿತ್ರೇ, ಸಭಾಭವನಕ್ಕೆ ಹೊಸ ಚಾವಣಿ ಹಾಕ್ಸಿದೀವಿ. ಗಟ್ಟಿಯಾಗಿದೆಯಾ ಅಂತ ನೋಡ್ಬೇಕಲ್ಲ, ಅದಕ್ಕೆ ನಾಲ್ಕು ಚಕ್ರದೋರನ್ನೇ ಕರೆಸ್ತಿದೀವಿ."

ಪಂಡಿತರ ಕೈಯಲ್ಲಿದ್ದ ಒಂಟಿ ಕೈಗವಸು ಕೆಳಗೆ ಬಿತ್ತು. "ಒಪ್ಪಿದ್ರಾ?"

"ಇಪ್ಪತ್ತೈದು ವರ್ಷದ ಮೇಲೆ ಒಪ್ಪಿದಾರೆ. ಹಲ್ಲಿನ ಡಾಕ್ಟ್ರೂ ಬೀಗದವರೂ ಒಂದೇ ವೇದಿಕೆ ಮೇಲೆ ನಿಲ್ತಾರೆ ಅಂದ್ರೆ ಹುಡುಗಾಟಾನಾ? ನೀವೊಂದು ಕರಪತ್ರ ಬರ್ಕೊಡಿ. ನಾಲ್ಕು ಜನ. ಒಬ್ಬೊಬ್ಬರದು ಯಾವ ಆಲ್ಬಮ್ಮಿನಲ್ಲಿ ಅತ್ಯುತ್ತಮ, ಯಾಕೆ ಅಂತ. ಒಂದೇ ಹಾಳೆ. ಊರಿಗೆಲ್ಲ ಹಂಚೋಣ. ನಿಮ್ಮನ್ನ ಬಿಟ್ರೆ ಇನ್ಯಾರು ಬರೀಬೇಕು ಹೇಳಿ."

ಇನ್ಯಾರೂ ಬರೆಯಬಾರದೆಂಬುದೇ ಪಂಡಿತರ ಅಭಿಪ್ರಾಯವೂ ಆಗಿತ್ತು. ಹಾಡುಗಾರರದು ಸುಲಭ: 'ಹಾರ್ನ್ ಹೊಡೆಯಿರಿ'. ಅದರಲ್ಲಿ ಒಂದು ಕಡೆ ಅವರು ಉಸಿರು ಬಿಡದೆ ಎಷ್ಟು ಹೊತ್ತು ಹಾಡುತ್ತಾರೆಂದರೆ ಕೇಳುವವರಿಗೇ ಉಬ್ಬಸ ಬರುತ್ತದೆ. ಡ್ರಮ್ಮಿನವರದು 'ಬ್ರೇಕ್ ಇಲ್ಲ', ಹೆಸರೇ ಹೇಳುತ್ತದೆ. ಗಿಟಾರಿನವರದು 'ಹಿಂದಿನ ಸೀಟು'. ಅದರ ಬಗ್ಗೆ ಬರೆಯುತ್ತ ಹೋದಂತೆ ಒಂದೂವರೆ ಪುಟವಾಯಿತು. ಅಳುವ ಗಿಟಾರು, ನಗುವ ಗಿಟಾರು, ಅಳುತ್ತಲೇ ನಗುವ ಗಿಟಾರು ಎಂದು ಪಂಡಿತರು ಮೂರು ವಿಭಾಗ ಮಾಡಿದರು.

ಬಂದಿದ್ದು ನಾಲ್ಕನೆಯವರ ಸರದಿ. ಇಲ್ಲಿ ಪಂಡಿತರು ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. ಹದಿನೆಂಟು ವರ್ಷದಿಂದ ಅವರೊಬ್ಬರೇ ಎದೆಯಲ್ಲಿಟ್ಟುಕೊಂಡ ಒಂದು ಗುಟ್ಟಿತ್ತು. ನಾಲ್ಕೂ ಆಲ್ಬಮ್ಮುಗಳಲ್ಲಿ ಬೇಸ್ ವಾದಕರು ಒಂದೇ ಒಂದು ಸ್ವರ ನುಡಿಸಿರಲಿಲ್ಲ. ಎಷ್ಟು ಕಿವಿಗೊಟ್ಟರೂ ಇಲ್ಲ. ಯಾವುದೋ ಹಳೆಯ ಗೆಳೆತನದ ದಾಕ್ಷಿಣ್ಯಕ್ಕೆ ಪಾಪದ ಮನುಷ್ಯನನ್ನು ಫೋಟೋದಲ್ಲಿ ನಿಲ್ಲಿಸಿಕೊಂಡಿದ್ದಾರೆ, ಅಷ್ಟೇ. ಬೀಗದವರು ತಿಂಗಳಿಗೆ ನಾಲ್ಕೈದು ಸಲ ಕೌಂಟರಿಗೆ ಬರುತ್ತಿದ್ದರು. ವಾರಸುದಾರರಿಲ್ಲದ ಸೂಟ್‌ಕೇಸುಗಳ ಬೀಗ ತೆಗೆಯಲು ಇಲಾಖೆ ಅವರನ್ನೇ ಕರೆಯುತ್ತಿತ್ತು. ಪಂಡಿತರು ಅವರೊಂದಿಗೆ ಬಿಸಿಲಿನ ಬಗ್ಗೆ, ಛತ್ರಿಯ ಬಗ್ಗೆ, ನಿಲ್ದಾಣದ ಸೂಪರಿಂಟೆಂಡೆಂಟರ ಮೊಣಕಾಲು ನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದರು. ಬ್ಯಾಂಡಿನ ಮಾತನ್ನು ಮಾತ್ರ ಎಂದೂ ಎತ್ತಿರಲಿಲ್ಲ. ಹುಣ್ಣನ್ನು ಕೆದಕಬಾರದು ಎಂಬ ಸಭ್ಯತೆ.

ಈಗ ಅದೇ ಸಭ್ಯತೆಯಿಂದ ಅವರು ಬರೆದರು: "ಬೇಸ್ ವಾದಕರು. ಮಾತು ಬೆಳ್ಳಿ, ಮೌನ ಬಂಗಾರ. ನಾಲ್ಕು ಆಲ್ಬಮ್ಮುಗಳಲ್ಲೂ ಒಂದು ಸ್ವರವನ್ನೂ ನುಡಿಸದೆ ಉಳಿದ ಮೂವರಿಗೆ ದಾರಿ ಬಿಟ್ಟುಕೊಟ್ಟ ಇವರ ಸಂಯಮ ಸಂಗೀತಲೋಕದಲ್ಲೇ ಅಪರೂಪ. ಇವರ ಅತ್ಯುತ್ತಮ ಸಾಧನೆ 'ಪಂಕ್ಚರ್' ಆಲ್ಬಮ್ಮಿನ ಮುಖಪುಟ. ಅದರಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಾಣುತ್ತಾರೆ."

ಬರೆದು ಮುಗಿಸಿದಾಗ ತಮ್ಮದೇ ಒಳ್ಳೆಯತನಕ್ಕೆ ಪಂಡಿತರ ಕಣ್ಣು ತೇವವಾಯಿತು. ಕಾರ್ಯದರ್ಶಿಗಳು ಅದನ್ನು ಓದದೆ ಅಚ್ಚಿಗೆ ಕಳಿಸಿದರು; ಪಂಡಿತರು ಬರೆದದ್ದನ್ನು ಪರೀಕ್ಷಿಸುವುದು ಸೂರ್ಯನಿಗೆ ಟಾರ್ಚ್ ಬಿಟ್ಟ ಹಾಗೆ ಎಂದು ಅವರ ನಂಬಿಕೆ. ಸೋಮವಾರ ಬೆಳಿಗ್ಗೆ ಐನೂರು ಕರಪತ್ರ ಊರು ಸೇರಿದವು. ಕಾರ್ಯಕ್ರಮ ಶನಿವಾರ.

ಸೋಮವಾರ ಹನ್ನೊಂದು ಗಂಟೆಗೆ ಕೌಂಟರಿನ ಮೇಲೆ ದೊಡ್ಡದೊಂದು ಕೈ ಬಿತ್ತು. ಛತ್ರಿಗಳೆಲ್ಲ ಒಮ್ಮೆ ನಡುಗಿದವು. ಬಂದವರು ಟೈರಿನವರು.

"ಏನ್ರೀ ಪಂಡಿತ್ರೇ, ಅವರು ನುಡಿಸ್ಲೇ ಇಲ್ವಾ? ಹಾಗಾದ್ರೆ ಹತ್ತು ವರ್ಷ ನಾನು ಯಾರ ಪಕ್ಕ ಕೂತು ಬಾರಿಸ್ದೆ? ದೆವ್ವದ ಪಕ್ಕಾನಾ?"

"ನೀವು ಗೆಳೆಯರು, ಬಿಟ್ಟುಕೊಡಲ್ಲ, ಗೊತ್ತು," ಎಂದು ಪಂಡಿತರು ಅನುಕಂಪದಿಂದ ನಕ್ಕರು. "ನಿಮ್ಮ ದೊಡ್ಡ ಗುಣ."

ಟೈರಿನವರು ಅಲ್ಲೇ ಇದ್ದ ವಾರಸುದಾರರಿಲ್ಲದ ಫುಟ್‌ಬಾಲನ್ನು ಒದ್ದು ಹೋದರು. ಅವರ ಬೆನ್ನ ಹಿಂದೆಯೇ ಹಲ್ಲಿನ ಡಾಕ್ಟರು ಬಂದು ಆಚೀಚೆ ನೋಡಿ ಪಂಡಿತರ ಕೈ ಹಿಡಿದುಕೊಂಡರು.

"ಇಪ್ಪತ್ತೈದು ವರ್ಷದಿಂದ ನಾನು ಹೇಳ್ತಾ ಇದ್ದೆ, ಯಾರೂ ನಂಬ್ಲಿಲ್ಲ. ಸತ್ಯ ಹೇಳೋ ಧೈರ್ಯ ಒಬ್ರಿಗಾದ್ರೂ ಬಂತು. ನಿಮ್ಮ ದವಡೆ ಹಲ್ಲು ಯಾವಾಗ ನೋಯುತ್ತೋ ಆವಾಗ ಬನ್ನಿ."

ಚಹಾ ಅಂಗಡಿಯವರಿಗೆ ಬೇರೆಯೇ ದೂರಿತ್ತು. "ಎರಡು ವರ್ಷದ ಹಿಂದೆ ನಮ್ಮ ಅಂಗಡೀಲಿ ಇವರದೇ ಹಾಡು ಹಾಕಿದ್ದೆ. ನೀವು ಬಂದು, ಹಾಡಿನ ಡಬ್ಬ ಗುಂಯ್‌ಗುಡ್ತಾ ಇದೆ, ರಿಪೇರಿ ಮಾಡ್ಸಿ ಅಂದ್ರಿ. ನಾನು ಮಾಡಿಸ್ದೆ. ಈಗ ಹೇಳ್ತಾರೆ, ಗುಂಯ್ ಅಂದಿದ್ದು ಡಬ್ಬ ಅಲ್ವಂತೆ, ಬೀಗದವರಂತೆ!"

ಪಂಡಿತರು ಇದನ್ನೂ ನಗೆಯಲ್ಲಿ ತೇಲಿಸಿಬಿಟ್ಟರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆ ತಮ್ಮನ್ನು ಕುರಿತದ್ದೆಂದು ಯಾವ ಎಡವಟ್ಟನಿಗೆ ತಾನೆ ಅನಿಸುತ್ತದೆ?

ಮಧ್ಯಾಹ್ನ ಎದುರಿನ ಬೀಗದ ಅಂಗಡಿ ಒಳಗಿನಿಂದ ಮುಚ್ಚಿಕೊಂಡಿತು. ಬಾಗಿಲ ಮೇಲೆ ದಪ್ಪಕ್ಷರದ ರಟ್ಟು ನೇತಾಡುತ್ತಿತ್ತು: 'ಬೀಗದವರು ಸಂಯಮದಲ್ಲಿದ್ದಾರೆ. ಕೆಲಸ ಮಾಡುವುದಿಲ್ಲ. ನುಡಿಸುವುದೂ ಇಲ್ಲ.'

ಮಂಗಳವಾರದ ಹೊತ್ತಿಗೆ ಇದು ಆಡಳಿತದ ಬಿಕ್ಕಟ್ಟಾಯಿತು. ಸೂಪರಿಂಟೆಂಡೆಂಟರು ತಮ್ಮ ಕೋಣೆಯ ಬೀಗದ ಕೈಯನ್ನು ಕೋಣೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರು. ತೆಗೆಯುವ ಒಬ್ಬರೇ ಒಬ್ಬರು ಸಂಯಮದಲ್ಲಿದ್ದರು. ಸೂಪರಿಂಟೆಂಡೆಂಟರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಊರಿಗೆ ಹೋಗುವವರ ಮಧ್ಯೆ ಕೂತು ಕಡತಗಳಿಗೆ ಸಹಿ ಹಾಕಿದರು. ಇಬ್ಬರು ಮುದುಕಿಯರು ಅವರನ್ನು ಬಸ್ಸಿನ ಸಮಯ ಕೇಳಿದರು, ಅವರಿಗೆ ಗೊತ್ತಿರಲಿಲ್ಲ.

"ನೋಡ್ರೀ, ನನಗೆ ಸಂಗೀತ ಗೊತ್ತಿಲ್ಲ," ಎಂದು ಅವರು ಪಂಡಿತರಿಗೆ ಹೇಳಿದರು. "ಆ ಮನುಷ್ಯ ನುಡಿಸಿದಾರೆ ಅಂತ ಬರೆದುಬಿಡಿ. ನಿಮ್ಮಪ್ಪನ ಗಂಟೇನು ಹೋಗುತ್ತೆ?"

"ಸರ್, ಕಲೆಗೆ ಸತ್ಯ ಮುಖ್ಯ."

"ನನಗೆ ಕುರ್ಚಿ ಮುಖ್ಯ."

ಅಷ್ಟರಲ್ಲಿ ಕಾರ್ಯದರ್ಶಿಗಳೂ ಬೆವರೊರೆಸುತ್ತ ಓಡಿಬಂದರು. ಬೀಗದವರಿಲ್ಲದೆ ತಾವು ವೇದಿಕೆ ಹತ್ತುವುದಿಲ್ಲವೆಂದು ಹಾಡುಗಾರರೂ ಟೈರಿನವರೂ ಹೇಳಿ ಕಳಿಸಿದ್ದರಂತೆ. ಮೂರು ಚಕ್ರದ ಮೇಲೆ ಓಡಿಸಲು ಇದೇನು ಆಟೋನಾ ಎಂದು ಕೇಳಿದರಂತೆ. ಹಲ್ಲಿನ ಡಾಕ್ಟರು ಮಾತ್ರ, ಬೇಕಾದರೆ ತಾವೊಬ್ಬರೇ ಎರಡು ಗಂಟೆ ನುಡಿಸುವುದಾಗಿ ಉದಾರವಾಗಿ ಒಪ್ಪಿದ್ದರು.

ಆ ಸಂಜೆ ಪಂಡಿತರು ಮನೆಗೆ ಬಂದು, ಯಾರಾದರೊಬ್ಬರು ತಮ್ಮ ಪರ ಮಾತಾಡಲಿ ಎಂಬ ಆಸೆಯಿಂದ ಕ್ಯಾಸೆಟ್ ಹಾಕಿ, ಕರಪತ್ರ ಹಿಡಿದು ಒಲೆಕೋಣೆಯ ಬಾಗಿಲಿಗೆ ಹೋದರು. ಅಲ್ಲಿ ಹಿಟ್ಟು ಹಾರುತ್ತದೆಂದು ಅವರು ಎಂದೂ ಒಳಗೆ ಕಾಲಿಡುತ್ತಿರಲಿಲ್ಲ. ಬ್ರೆಡ್ಡಕ್ಕ ಹಿಟ್ಟಿನ ಕೈಯಲ್ಲೇ ಹಾಳೆ ಇಸಿದುಕೊಂಡು ಓದಿದರು. ಎರಡು ಸಲ ಓದಿದರು.

"ಏನ್ರೀ ಇದು? ಒಂದು ಸ್ವರಾನೂ ನುಡಿಸ್ಲಿಲ್ವಾ? ಯಾರು, ನಮ್ಮ ಗುಂಯ್ ಅಣ್ಣನಾ?"

"ಯಾವ ಗುಂಯ್ ಅಣ್ಣ?"

"ಹಾಡು ಶುರು ಆಗ್ತಿದ್ದ ಹಾಗೆ ಕೆಳಗಡೆಯಿಂದ ನಡ್ಕೊಂಡು ಬರ್ತಾನಲ್ಲ, ಅವನು. ಅವನಿಲ್ದೆ ಹಾಡೆಲ್ಲಿದೆ? ಇರೋದೇ ಮೂರು ಜನ. ಹಾಡೋನು, ಬಡಿಯೋನು, ಗುಂಯ್ ಅಣ್ಣ."

"ಮೂರು ಜನ ಸರಿ," ಎಂದರು ಪಂಡಿತರು ತಾಳ್ಮೆಯಿಂದ. "ಹಾಡೋನು, ಬಡಿಯೋನು, ಗಿಟಾರಿನೋನು."

"ಗಿಟಾರೆಲ್ಲಿದೇರೀ ಅದರಲ್ಲಿ? ಹದಿನೆಂಟು ವರ್ಷದಿಂದ ಗಿಟಾರು ಗಿಟಾರು ಅಂತೀರ. ಪಾಪ, ಏನೋ ಭ್ರಮೆ, ಗಂಡಸು ದುಡಿದು ಬಂದಿರ್ತಾರೆ ಅಂತ ನಾನೂ ಸುಮ್ನಿದ್ದೆ. ಬನ್ನಿ ಒಳಗೆ. ಚಪ್ಪಲಿ ಬಿಟ್ಟು ಬನ್ನಿ."

ಪಂಡಿತರು ಚಪ್ಪಲಿ ಬಿಟ್ಟು ಒಳಗೆ ಹೋದರು. ಬ್ರೆಡ್ಡಕ್ಕ ಹಿಟ್ಟಿನ ಮೂಟೆಯ ಮೇಲಿದ್ದ ಪೆಟ್ಟಿಗೆಯನ್ನು ತೋರಿಸಿದರು. 'ಪಂಕ್ಚರ್' ಓಡುತ್ತಿತ್ತು. ಹಾಡುಗಾರರ ದನಿ ಇತ್ತು, ಡ್ರಮ್ಮೂ ಇತ್ತು. ಅಳುವ ಗಿಟಾರು, ನಗುವ ಗಿಟಾರು ಎರಡೂ ನಾಪತ್ತೆ. ಅದರ ಜಾಗದಲ್ಲಿ, ಎಲ್ಲಕ್ಕಿಂತ ಕೆಳಗೆ, ದೊಡ್ಡ ಪ್ರಾಣಿಯೊಂದು ಅವಸರವಿಲ್ಲದೆ ಹೆಜ್ಜೆ ಹಾಕುತ್ತಿತ್ತು. ದುಂ ದುಂ ದುದುಂ. ಹದಿನೆಂಟು ವರ್ಷ ಪಾತ್ರೆ ತೊಳೆಯುತ್ತ ಹೆಂಡತಿ ಗುನುಗಿದ್ದು ಸ್ವರಕ್ಕೆ ಸ್ವರ ಅದೇ. ಪಂಡಿತರು ಮೊದಲು ಮೇಜಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಒಲೆಯನ್ನು ನೋಡಿದರು. ಕೊನೆಗೆ ಮುಖ ಕೆಂಪಾಗಿ ಹೆಂಡತಿಯನ್ನು ನೋಡಿದರು. ಅವರಿಗೆ ನಾಚಿಕೆಯಾಗಿತ್ತು.

ಬ್ರೆಡ್ಡಕ್ಕ ಅಷ್ಟಕ್ಕೇ ಬಿಡುವವರಲ್ಲ. ಸೆರಗಿಗೆ ಕೈ ಒರೆಸಿಕೊಂಡು ನೇರ ಮುಂದಿನ ಕೋಣೆಗೆ ಹೋಗಿ ಗಂಡನ ಪೆಟ್ಟಿಗೆಗೆ ಕಿವಿಯಿಟ್ಟರು.

"ಅಯ್ಯೋ! ಇದ್ಯಾರ್ರೀ ಇಷ್ಟು ಗೋಳಾಡೋನು?"

"ಗಿಟಾರಿನವರು. ಹಲ್ಲಿನ ಡಾಕ್ಟ್ರು."

"ಪಾಪ, ಇವರೂ ಇದ್ರಾ!"

ಫೋನು ಮಾಡಿ ಕರೆಸಿದ ತಮ್ಮ ಬಂದು, ವಿಷಯ ಕೇಳಿ, ನಗು ತಡೆಯಲಾಗದೆ ಹೊಸ್ತಿಲ ಮೇಲೆಯೇ ಕೂತುಬಿಟ್ಟ. "ಭಾವ, ಆ ಕಾಲದಲ್ಲಿ ಗಿಟಾರಿನೋರಿಗೂ ಬೇಸಿನೋರಿಗೂ ಯಾರ ಸದ್ದು ಜಾಸ್ತಿ ಅಂತ ದಿನಾ ರಂಪ. ರೆಕಾರ್ಡಿಂಗ್ ಮಾಡೋರಿಗೆ ಸಾಕಾಗಿ, ಒಬ್ಬರನ್ನ ಪೂರ್ತಿ ಎಡಗಡೆ ಪೆಟ್ಟಿಗೆಗೆ ಹಾಕಿದ್ರು, ಇನ್ನೊಬ್ಬರನ್ನ ಪೂರ್ತಿ ಬಲಗಡೆಗೆ. ಊರಿಗೆಲ್ಲ ಗೊತ್ತಲ್ಲ. ಪಂಡಿತರಿಗೆ ಗೊತ್ತಿರುತ್ತೆ ಅಂತ ಯಾರೂ ಹೇಳ್ಲಿಲ್ಲ, ಅಷ್ಟೇ."

"ಮತ್ತೆ ನೀನು ಪೆಟ್ಟಿಗೆ ಬೇರೆ ಮಾಡಿದ್ಯಲ್ಲೋ!"

"ನೀವೇ ಹೇಳಿದ್ರಲ್ಲ, ಅಕ್ಕನಿಗೂ ಒಂದು ಪಾಲು ಕೊಡು ಅಂತ. ಸಮಪಾಲು ಮಾಡಿಕೊಟ್ಟೆ."

ಬ್ರೆಡ್ಡಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. "ಗುಂಯ್ ಅಣ್ಣನ ಮನೆ ಎಲ್ಲಿದೆ?"

"ನಿಲ್ದಾಣದ ಎದುರಿಗೆ ಬೀಗದ ಅಂಗಡಿ. ಅದರ ಹಿಂದೇನೇ ಮನೆ," ಎಂದ ತಮ್ಮ.

"ಆ ಬೀಗದಣ್ಣನೇನಾ? ಒಲೆಕೋಣೆ ಬಾಗಿಲಿಗೆ ಬೀಗ ಹಾಕ್ಕೊಟ್ಟೋರು? ಅಷ್ಟು ಹತ್ತಿರ ಬಂದೂ ಒಂದು ಮಾತು ಹೇಳ್ಲಿಲ್ವಲ್ಲ ಆ ಮನುಷ್ಯ!"

ಬೀಗದ ಅಂಗಡಿಯ ಬಾಗಿಲಿನ ಮುಂದೆ ಗಂಡಹೆಂಡತಿ ನಿಂತಾಗ ಇನ್ನೂ ಬೆಳಕಿತ್ತು. ಪಂಡಿತರು ದಾರಿಯುದ್ದಕ್ಕೂ ತಯಾರಿಸಿಕೊಂಡ ಕ್ಷಮಾಪಣೆಯನ್ನು ಬಾಗಿಲಿಗೆ ಅರ್ಪಿಸಿದರು. ಅದರಲ್ಲಿ 'ತಾಂತ್ರಿಕ ಕಾರಣ' ಎಂಬ ಮಾತು ಮೂರು ಸಲ ಬಂತು.

"ಅಂಗಡಿ ಮುಚ್ಚಿದೆ," ಎಂದಿತು ಒಳಗಿನ ದನಿ.

ಬ್ರೆಡ್ಡಕ್ಕ ಗಂಡನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಅಣ್ಣಾ, ನಾನು ಬ್ರೆಡ್ಡು ಮಾಡೋಳು. 'ಹಾರ್ನ್ ಹೊಡೆಯಿರಿ' ಹಾಕಿದ್ರೆ ಹಿಟ್ಟು ಬೇಗ ಹದಕ್ಕೆ ಬರುತ್ತೆ, ಅಲ್ಲಿ ನಿಮಗೆ ವಯಸ್ಸು ಚಿಕ್ಕದು, ಓಡ್ತೀರ. 'ಬ್ರೇಕ್ ಇಲ್ಲ' ನನಗೆ ಆಗಲ್ಲ, ಕೈ ನೋಯುತ್ತೆ. ನನಗೆ 'ಪಂಕ್ಚರ್' ಬೇಕು. ಅದರಲ್ಲಿ ಮೂರನೇ ಹಾಡು. ಎಲ್ಲರೂ ನಿಂತುಬಿಡ್ತಾರೆ, ನೀವೊಬ್ರೇ ನಡೀತಾ ಇರ್ತೀರ. ನಮ್ಮಮ್ಮ ಹೋದ ವರ್ಷ ನಾನು ದಿನಾ ಆ ಜಾಗ ಬರೋವರೆಗೂ ಅತ್ತು, ಆ ಜಾಗ ಬಂದ ಮೇಲೆ ಕಣ್ಣೊರೆಸ್ಕೊಂಡು ನಾದೋಕೆ ಶುರು ಮಾಡ್ತಿದ್ದೆ. ಅದು ನಿಮಗೆ ಗೊತ್ತಾಗ್ಲಿ ಅಂತ ಬಂದೆ. ಬಾಗಿಲು ತೆಗೀದಿದ್ರೂ ಪರವಾಗಿಲ್ಲ."

ಒಳಗೆ ಒಂದು ಬೀಗ ಕಟ್ ಎಂದಿತು. ಎರಡನೆಯದು. ಮೂರನೆಯದು. ಬೀಗದವರ ಬಾಗಿಲಿಗೆ ಒಟ್ಟು ಏಳು ಬೀಗಗಳಿದ್ದವು. ಏಳೂ ತೆರೆಯುವವರೆಗೆ ದಂಪತಿಗಳು ಗಂಭೀರವಾಗಿ ಕಾದರು. ಬಾಗಿಲು ತೆರೆದಾಗ ಆ ಮನುಷ್ಯನ ಕಣ್ಣು ಕೆಂಪಾಗಿತ್ತು. ಅವರು ನೋಡಿದ್ದು ಪಂಡಿತರನ್ನು.

"ಹದಿನೆಂಟು ವರ್ಷ ನಿಮ್ಮ ಕೌಂಟರಿಗೆ ಬಂದಿದೀನಿ ಪಂಡಿತ್ರೇ. ಊರಲ್ಲಿ ನಮ್ಮ ಹಾಡು ದಿನಾ ಕೇಳೋರು ನೀವೊಬ್ರೇ. ಇವತ್ತು ಒಂದು ಮಾತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಪ್ರತಿ ಸಲ ಅಂದ್ಕೋತಿದ್ದೆ. ಚೆನ್ನಾಗಿದೆ ಅನ್ನೋದು ಬೇಡ, ಕೆಟ್ಟದಾಗಿದೆ ಅಂತಾದ್ರೂ. ನೀವು ಛತ್ರಿ ವಿಷಯ ಮಾತಾಡಿದ್ರಿ."

"ನಿಮಗೆ ನೋವಾಗಬಾರದು ಅಂತ..." ಎಂದು ಶುರುಮಾಡಿದ ಪಂಡಿತರು ಅಲ್ಲಿಗೇ ನಿಲ್ಲಿಸಿದರು. ಅದು ನಿಜವೇ ಆಗಿತ್ತು, ಅದೇ ಕಷ್ಟ.

"ನನ್ನ ವಿಷಯ ಬಿಡಿ. ನಿನ್ನೆ ನನ್ನ ಮಗಳು ಈ ಕಾಗದ ಹಿಡ್ಕೊಂಡು ಬಂದು ಕೇಳಿದ್ಲು: ಅಪ್ಪಾ, ನೀನು ನಿಜವಾಗ್ಲೂ ನುಡಿಸ್ತಿದ್ಯಾ ಅಥವಾ ಸುಮ್ನೆ ನಿಂತಿರ್ತಿದ್ಯಾ? ಪಂಡಿತರೇ ಬರೆದಿದಾರಲ್ಲ ಅಂದ್ಲು. ಅವಳಿಗೆ ನಾನೇನು ಹೇಳ್ಲಿ?"

ಶನಿವಾರ ಬರುತ್ತೀರಾ ಎಂದು ಕೇಳುವ ಧೈರ್ಯ ಪಂಡಿತರಿಗೆ ಬರಲಿಲ್ಲ. ಬೀಗದವರು ಒಂದೊಂದಾಗಿ ಏಳೂ ಬೀಗ ಹಾಕಿಕೊಂಡರು.

ಬುಧವಾರ ಕಾರ್ಯದರ್ಶಿಗಳು ಉಪಾಯ ತಂದರು. "ಮುದ್ರಣದೋಷ ಅಂತ ಹೇಳೋಣ. 'ಸದಾ ನುಡಿಸಿದ' ಅಂತ ಇದ್ದದ್ದು 'ನುಡಿಸದೆ' ಆಗ್ಬಿಟ್ಟಿದೆ ಅಂತ. ಬೀಗದವರ ಮಾನಾನೂ ಉಳಿಯುತ್ತೆ, ನಿಮ್ಮ ಪಾಂಡಿತ್ಯಾನೂ ಉಳಿಯುತ್ತೆ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು."

ಪಂಡಿತರಿಗೆ ಆ ಉಪಾಯ ಇಡೀ ಒಂದು ದಿನ ಬಹಳ ಹಿಡಿಸಿತ್ತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕೌಂ‍ಟರಿನ ಆಚೆ ಪಾಂಡಿತ್ಯವೂ ಹೋದರೆ ಅವರು ಇನ್ನೇನು? ಛತ್ರಿ ಕೊಡುವವರು. ಗುರುವಾರ ಸಂಜೆ ಅವರು ಎರಡೂ ಪೆಟ್ಟಿಗೆಗಳನ್ನು ಒಲೆಕೋಣೆಗೆ ತಂದಿಟ್ಟು, ಹೆಂಡತಿ ನಾದುತ್ತಿರುವಾಗ ಸ್ಟೂಲಿನ ಮೇಲೆ ಕೂತು ನಾಲ್ಕೂ ಆಲ್ಬಮ್ ಕೇಳಿದರು. ಶುಕ್ರವಾರ ಕಾರ್ಯದರ್ಶಿಗಳಿಗೆ ಹೇಳಿ ಕಳಿಸಿದರು: ಮುದ್ರಣದೋಷ ಬೇಡ, ನನಗೆ ಮೈಕಿನ ಮುಂದೆ ಐದು ನಿಮಿಷ ಬೇಕು; ಟೈರಿನವರಿಗೂ ಹಾಡುಗಾರರಿಗೂ ಆ ಐದು ನಿಮಿಷ ಕೇಳಿಸಿಕೊಳ್ಳಲಾದರೂ ಬನ್ನಿ ಎಂದು ಹೇಳಿ.

ಶನಿವಾರ ಸಂಜೆ ಸಭಾಭವನ ತುಂಬಿತು. ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಆಳೆತ್ತರದ ಸ್ಪೀಕರು. ಮೂವರು ಬಂದಿದ್ದರು. ನಾಲ್ಕನೆಯ ಜಾಗ ಖಾಲಿ. ಮುಂದಿನ ಸಾಲಿನಲ್ಲಿ ಬೀಗದವರ ಮಗಳು ಕೈಕಟ್ಟಿ ಕೂತಿದ್ದಳು. ಅಪ್ಪ ಬರುವರೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಪಂಡಿತರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಕರಪತ್ರದಲ್ಲಿ ನಾನು ಬರೆದದ್ದು ತಪ್ಪು. ಅಚ್ಚಿನ ತಪ್ಪಲ್ಲ, ನನ್ನ ತಪ್ಪು. ನಮ್ಮ ಮನೇಲಿ ಒಂದು ಪೆಟ್ಟಿಗೆ ಮುಂದಿನ ಕೋಣೇಲಿ, ಒಂದು ಪೆಟ್ಟಿಗೆ ಹಿತ್ತಲಲ್ಲಿ. ನಾನು ಹದಿನೆಂಟು ವರ್ಷದಿಂದ ಎಡಗಡೆಯದೊಂದನ್ನೇ ಕೇಳ್ತಿದ್ದೆ. ಅರ್ಧ ಕೇಳಿ ನಿಮಗೆಲ್ಲ ಪೂರ್ತಿ ಪಾಠ ಹೇಳ್ದೆ."

ಮೊದಲು ಚಹಾ ಅಂಗಡಿಯವರು ನಕ್ಕರು. ಆಮೇಲೆ ಹೊಸ ಚಾವಣಿಗೆ ನಿಜವಾದ ಪರೀಕ್ಷೆ ಶುರುವಾಯಿತು. ಬೆಂಚಿನ ಮೇಲೆ ಕಚೇರಿ ನಡೆಸಿ ಬೆನ್ನು ಹಿಡಿದಿದ್ದ ಸೂಪರಿಂಟೆಂಡೆಂಟರು ಬೆನ್ನು ಮರೆತು ನಕ್ಕರು. ಪಂಡಿತರು ಕಿವಿಯವರೆಗೆ ಕೆಂಪಾಗಿ, ಆದರೆ ಮೈಕು ಬಿಡದೆ ನಿಂತರು.

"ಹಾಗಾದ್ರೆ ಬೇಸಿನೋರದು ಯಾವುದು ಅತ್ಯುತ್ತಮ, ಅದನ್ನಾದ್ರೂ ಹೇಳಿ!" ಎಂದು ಯಾರೋ ಕೂಗಿದರು.

"ಅದನ್ನ ಹೇಳೋ ಅರ್ಹತೆ ನನಗಿಲ್ಲ. ಬಲಗಡೆ ಪೆಟ್ಟಿಗೆ ಕೇಳಿದೋರು ಅಲ್ಲಿ ಕೂತಿದಾರೆ."

ಊರೆಲ್ಲ ತಿರುಗಿ ನೋಡಿತು. ಬ್ರೆಡ್ಡಕ್ಕ ಸಂಕೋಚದಿಂದ ಅರ್ಧ ಎದ್ದರು. "ಪಂಕ್ಚರ್. ಮೂರನೇ ಹಾಡು. ಎಲ್ಲರೂ ನಿಂತ ಮೇಲೆ," ಎಂದು ಕೂತುಬಿಟ್ಟರು.

ಆಗ ವೇದಿಕೆಯ ಪರದೆಯ ಹಿಂದೆ ಕಟ್ ಎಂದು ಸದ್ದಾಯಿತು. ಪರದೆ ಸರಿಸಿಕೊಂಡು ಬೀಗದವರು ಬಂದರು. ಕೈಯಲ್ಲಿ ಬೇಸು, ಮುಖದ ತುಂಬ ಬೆವರು, ಬೆರಳುಗಳಲ್ಲಿ ತುಕ್ಕಿನ ಕಲೆ.

"ಒಂದು ಗಂಟೆಯಿಂದ ಇಲ್ಲೇ ಇದೀನಿ," ಎಂದರು ಮೈಕಿನಲ್ಲಿ. ಊರು ಅವರ ದನಿಯನ್ನು ವೇದಿಕೆಯ ಮೇಲಿಂದ ಕೇಳಿದ್ದು ಅದೇ ಮೊದಲು. "ವಾದ್ಯದ ಪೆಟ್ಟಿಗೆಯ ಬೀಗ ಇಪ್ಪತ್ತೈದು ವರ್ಷದಿಂದ ತೆಗೆದಿರಲಿಲ್ಲ. ಇಷ್ಟು ಹೊತ್ತು ನನ್ನ ಕೈಯಲ್ಲೇ ಆಗ್ಲಿಲ್ಲ."

ಮಗಳು ಕಟ್ಟಿದ ಕೈ ಬಿಚ್ಚಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಹಲ್ಲಿನ ಡಾಕ್ಟರು ಮುಖ ಗಂಟಿಕ್ಕಿಕೊಂಡೇ ತಮ್ಮ ಸ್ಪೀಕರಿನ ಸದ್ದನ್ನು ಒಂದು ಚೂರು ತಗ್ಗಿಸಿದರು. ಇಪ್ಪತ್ತೈದು ವರ್ಷದಲ್ಲಿ ಅವರು ಮಾಡಿದ ಅತ್ಯಂತ ದೊಡ್ಡ ತ್ಯಾಗ ಅದು ಎಂದು ಟೈರಿನವರು ಆಮೇಲೆ ಹೇಳಿದರು.

ಪಂಡಿತರು ವೇದಿಕೆ ಇಳಿದು ತಮ್ಮ ಕುರ್ಚಿಗೆ ಹೋಗಲಿಲ್ಲ. ಅವರ ಕುರ್ಚಿ ಎಡಗಡೆ ಇತ್ತು. ಎಡದ ಸ್ಪೀಕರನ್ನು ನೋಡಿದರು, ಬಲದ ಸ್ಪೀಕರನ್ನು ನೋಡಿದರು, ಹೆಂಡತಿಯ ಕೈ ಹಿಡಿದು ಎಬ್ಬಿಸಿ, ಎರಡು ಸಾಲುಗಳ ನಡುವಿನ ಹಾದಿಯಲ್ಲಿ ಸರಿಯಾಗಿ ಮಧ್ಯಕ್ಕೆ ನಿಂತರು. ಕಾವಲುಗಾರ ಬಂದು, "ಸಾರ್, ದಾರೀಲಿ ನಿಲ್ಬೇಡಿ," ಎಂದ. ಪಂಡಿತರು ಅಲುಗಲಿಲ್ಲ. ಅವರ ಹಿಂದಿದ್ದ ಚಹಾ ಅಂಗಡಿಯವರು ಒಂದು ಕ್ಷಣ ಯೋಚಿಸಿ, ಎದ್ದು ಅವರ ಬೆನ್ನಿಗೆ ಬಂದು ನಿಂತರು. ಸೂಪರಿಂಟೆಂಡೆಂಟರು ಬಂದರು. ಆಮೇಲೆ ಎಡಗಡೆಯವರೂ ಬಲಗಡೆಯವರೂ ಕುರ್ಚಿ ಬಿಟ್ಟು ಒಬ್ಬೊಬ್ಬರಾಗಿ ನಡುವಿಗೆ ಸೇರಿದರು. ಸಾವಿರ ತಪ್ಪು ಮಾಡಿದ ಮನುಷ್ಯನ ಈ ಒಂದು ಮಾತನ್ನು, ಅವರು ಹೇಳದೆಯೇ, ಊರು ನಂಬಿತು. ಸಭಾಭವನದ ಎರಡೂ ಕಡೆ ಖಾಲಿ ಕುರ್ಚಿ, ಮಧ್ಯದಲ್ಲಿ ಜನವೋ ಜನ.

ಬೀಗದವರು ಮಗಳ ಕಡೆ ಒಮ್ಮೆ ನೋಡಿ ದಪ್ಪ ತಂತಿಯನ್ನು ಮೀಟಿದರು. ಮೂರನೇ ಹಾಡು ಶುರುವಾಯಿತು. ಗಿಟಾರು ಅತ್ತಿತು, ನಕ್ಕಿತು. ಕೊನೆಗೆ ಎಲ್ಲರೂ ನಿಲ್ಲುವ ಜಾಗ ಬಂತು. ಎಲ್ಲರೂ ನಿಂತರು. ಕೆಳಗಿನ ಆ ಹೆಜ್ಜೆ ಮಾತ್ರ ಒಂಟಿಯಾಗಿ, ಅವಸರವಿಲ್ಲದೆ ನಡೆಯುತ್ತಾ ಹೋಯಿತು. ಅದು ಪಂಡಿತರ ಅಂಗಾಲಿನಿಂದ ಹತ್ತಿ ಎದೆಯಲ್ಲಿ ಬಂದು ಕೂತಿತು.

ಪಕ್ಕದಲ್ಲಿ ಒತ್ತಿಕೊಂಡು ನಿಂತಿದ್ದ ಕಾರ್ಯದರ್ಶಿಗಳು ಅಭ್ಯಾಸಬಲದಿಂದ ಅವರ ಕಿವಿಯಲ್ಲಿ ಕೇಳಿದರು: "ಏನಂತೀರಿ ಪಂಡಿತ್ರೇ? ನಾಲ್ವರಲ್ಲಿ ಯಾರದು ಮೇಲು?"

ಪಂಡಿತರು ಕಣ್ಣು ತೆರೆಯಲೂ ಇಲ್ಲ.

"ಸ್ವಲ್ಪ ಸುಮ್ನಿರಿ ಸ್ವಾಮಿ," ಎಂದರು. "ಕೇಳ್ತಾ ಇದೀನಿ."